ಕಪಾಟಿನ ಗಿಡಕ್ಕೆ ಬಿಳಿ ದೀಪ

ಎವಾಲ್ಡ್ ಯೆಸ್ಸೆನ್‌ನ ಆ ದಿನದ ಫಜೀತಿಗೆಲ್ಲ ಕಾರಣ ಹುಳಿ ಅಳೆಯುವ, ಪೆನ್ನಿನ ಗಾತ್ರದ ಒಂದು ಪಿಎಚ್ ಮೀಟರ್. ಬೆಳಿಗ್ಗೆ ಕಾಫಿಗೂ ಮೊದಲೇ ಅವನು ಗಾಂಜಾ ಗಿಡದ ಕುಂಡದಿಂದ ತಟ್ಟೆಗೆ ಇಳಿದ ನೀರಿನಲ್ಲಿ ಅದರ ಮೂತಿ ಅದ್ದಿದ. ಆರರ ಮೇಲೆ ತೋರಿಸಬೇಕಾದ ಮೀಟರ್ ನಾಲ್ಕು ಚಿಲ್ಲರೆ ತೋರಿಸಿತು. ಒರೆಸಿ ಮತ್ತೆ ಅದ್ದಿದ. ಅದೇ ನಾಲ್ಕು ಚಿಲ್ಲರೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಮಣ್ಣಿಗೆ ಅಷ್ಟು ಹುಳಿ ಎಲ್ಲಿಂದ ಬರಬೇಕು? ಅವನು ಹಾಕುತ್ತಿದ್ದದ್ದು ಅಳೆದು ಹದ ಮಾಡಿದ ನೀರು ಮಾತ್ರ.

ಹಾಗಂತ ಮೀಟರ್ ಸುಳ್ಳು ಹೇಳುತ್ತಿದೆ ಎಂದು ತಳ್ಳಿಹಾಕುವಂತೆಯೂ ಇರಲಿಲ್ಲ. ಎಲೆಗಳ ಅಂಚು ಒಲೆಯಲ್ಲಿ ಮರೆತ ಬ್ರೆಡ್ಡಿನಂತೆ ಕಂದಿಹೋಗಿತ್ತು. ಕುಂಡದ ಸುತ್ತ ಸಣ್ಣ ನೊಣಗಳು ಮದುವೆಮನೆಗೆ ಬಂದವರ ಹಾಗೆ ಓಡಾಡಿಕೊಂಡಿದ್ದವು.

ಎವಾಲ್ಡ್ ಜೀವಮಾನವೆಲ್ಲ ಜರ್ಮನಿಯ ಕೀಲ್ ಬಂದರಿನಲ್ಲಿ ಕ್ರೇನ್ ನಡೆಸಿದವನು. ಹಡಗಿನಿಂದ ಲಾರಿಯನ್ನು ಎತ್ತಿ ಮೊಟ್ಟೆಯಂತೆ ಹುಷಾರಾಗಿ ಇಳಿಸುತ್ತಿದ್ದ ಆ ಕೈಗೆ ಈಗ ಒಂದು ಗಿಡ ಬಗ್ಗುತ್ತಿರಲಿಲ್ಲ. ಹೆಂಡತಿ ತೆಲ್ಸೆಗೆ ಹೊಟ್ಟೆಯ ಕ್ಯಾನ್ಸರ್. ಔಷಧಿ ಶುರುವಾದ ಮೇಲೆ ಅನ್ನಾಹಾರ ಹತ್ತಿರ ಸೇರದು. ತೂಕ ಏರದಿದ್ದರೆ ಮುಂದಿನ ಸುತ್ತು ಔಷಧಿ ಕೊಡುವಂತಿಲ್ಲ ಎಂದ ಡಾಕ್ಟರು, ಹಸಿವಾಗಲಿ ಎಂದು ಗಾಂಜಾ ಹನಿಗಳನ್ನು ಬರೆದುಕೊಟ್ಟಿದ್ದರು. ಹನಿ ನಾಲಿಗೆಗೆ ತಾಗಿದರೆ ಅವಳಿಗೆ ವಾಕರಿಕೆ. ಹೂವನ್ನು ಬೆಣ್ಣೆಯಲ್ಲಿ ಕುದಿಸಿ ಬಿಸ್ಕತ್ತು ಮಾಡಿದರೆ ಕಹಿ ಇರುವುದಿಲ್ಲವಂತೆ ಎಂದು ಯಾರೋ ಹೇಳಿದರು. ಮನೆಯಲ್ಲಿ ಮೂರು ಗಿಡಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ. ಮೂರು ಬೀಜ ನೆಟ್ಟ, ಒಂದು ಉಳಿಯಿತು. ಮಲಗುವ ಕೋಣೆಯೇ ಬೆಚ್ಚಗಿದ್ದದ್ದರಿಂದ ತೆಲ್ಸೆಯ ಹಾಸಿಗೆಗೆ ತಾಗಿದ್ದ ಬಟ್ಟೆಯ ಕಪಾಟನ್ನು ಖಾಲಿ ಮಾಡಿ, ಅಗ್ಗಕ್ಕೆ ಸಿಕ್ಕಿದ ನೇರಳೆ ಬಣ್ಣದ ದೀಪ ತೂಗುಹಾಕಿದ. "ಬಾಗಿಲು ತೆಗ್ದೇ ಇರ್ಲಿ. ನೋಡ್ತಾ ಮಲಗಿರ್ತೀನಿ," ಎಂದಿದ್ದಳು ಅವಳು.

ಮೀಟರ್ ಹಿಡಿದು ಅಡುಗೆಮನೆಯಲ್ಲಿ ಗೊಣಗುತ್ತಿದ್ದಾಗ ಕೆಳಗಿನ ಮನೆಯ ಗುಡ್ರುನ್ ಪಾಲ್ಸೆನ್ ಬಂದಳು. ಅವಳು ಕರೆಗಂಟೆ ಒತ್ತುವುದು ಒಳಗೆ ಕಾಲಿಟ್ಟ ಮೇಲೆ.

"ಏನ್ರೀ ಯೆಸ್ಸೆನ್ ಅವರೇ, ಒಬ್ಬರೇ ಮಾತಾಡ್ತಿದ್ದೀರಿ?"

"ಗಿಡ ಒಣಗ್ತಿದೆ. ಮೀಟರ್ ನೋಡಿದ್ರೆ ಮಣ್ಣೆಲ್ಲ ಹುಳಿ ಅಂತಿದೆ."

"ಮೀಟರ್ ಎಲ್ಲಿಟ್ಟಿದ್ರಿ?"

"ಚಮಚದ ಡ್ರಾಯರಲ್ಲಿ."

ಗುಡ್ರುನ್‌ಗೆ ಮೀಟರಿನ ಗಂಧಗಾಳಿ ಇರಲಿಲ್ಲ. ಆದರೂ ಮೆಟ್ಟಿಲ ಬಳಿ ಹೋಗಿ ಮೇಲಿನ ಮಹಡಿಯ ಲ್ಯೂಡರ್ಸ್ ಮೇಷ್ಟ್ರನ್ನು ಕೂಗಿದಳು. ನಿವೃತ್ತರಾದ ರಸಾಯನಶಾಸ್ತ್ರದ ಮೇಷ್ಟ್ರು ಮನೆಚಪ್ಪಲಿಯಲ್ಲೇ ಇಳಿದು ಬಂದರು. ಬಹಳ ದಿನದಿಂದ ಯಾರೂ ಅವರನ್ನು ಏನೂ ಕೇಳಿರಲಿಲ್ಲ.

"ಒಣಗಿಸಿಬಿಟ್ಟಿದ್ದೀರಲ್ರೀ," ಎಂದರು ಅವರು ಮೀಟರಿನ ಮೂತಿ ನೋಡಿ. "ಈ ಗಾಜಿನ ಗುಂಡು ಯಾವಾಗ್ಲೂ ಒದ್ದೆ ಇರ್ಬೇಕು. ಒಣಗಿದ್ರೆ ಬಾಯಿಗೆ ಬಂದಿದ್ದು ಹೇಳುತ್ತೆ. ಪರೀಕ್ಷೆ ಮಾಡೋಣ ತನ್ನಿ."

ಪರೀಕ್ಷೆ ನಡೆಯಿತು. ಮೀಟರ್ ಹಾಲಿಗೆ ಇಳಿಯಿತು, ಕಾಫಿಗೆ ಇಳಿಯಿತು, ಗುಡ್ರುನ್ ತನ್ನ ಮನೆಯಿಂದ ತಂದ ಹೆರಿಂಗ್ ಮೀನಿನ ಉಪ್ಪಿನಕಾಯಿಯ ರಸಕ್ಕೂ ಇಳಿಯಿತು. ಪ್ರತಿ ಸಲವೂ ಅದು ತೋರಿಸಿದ ಅಂಕಿ ಸರಿಯೇ ಇರುವಂತೆ ಕಾಣುತ್ತಿತ್ತು. ಅದು ಮೇಷ್ಟ್ರಿಗೆ ಹಿಡಿಸಲಿಲ್ಲ. ಇನ್ನೊಂದು ಸಲ ನೋಡೋಣವೆಂದು ಮೀಟರಿನಿಂದಲೇ ಕಾಫಿ ಕಲಕಿದರು. ಟಿಣ್ ಎಂದಿತು. ಗಾಜಿನ ಗುಂಡು ಕಾಫಿಯ ತಳ ಸೇರಿತು.

"ಹೇಗೂ ಕೆಟ್ಟಿತ್ತು," ಎಂದರು ಮೇಷ್ಟ್ರು.

ಎವಾಲ್ಡ್ ಕೋಟು ಹಾಕಿಕೊಂಡು ಕೋಣೆಯೊಳಗೆ ಇಣುಕಿದ. ನೇರಳೆ ಬೆಳಕಿನಲ್ಲಿ ತೆಲ್ಸೆಯ ಕೆನ್ನೆ ಹೊರಗೆ ಆಡಿಬಂದ ಹುಡುಗಿಯ ಕೆನ್ನೆಯಂತೆ ಕೆಂಪಗಿತ್ತು. ಡಾಕ್ಟರಿಗೆ ಇದು ಯಾಕೆ ಕಾಣುವುದಿಲ್ಲವೋ ಎಂದುಕೊಂಡ. ಪಕ್ಕದ ಮೇಜಿನ ಮೇಲೆ ಲೋಟ ಖಾಲಿಯಿತ್ತು. ಸೇಬಿನ ರಸದಲ್ಲಿ ಶಕ್ತಿಯ ಪುಡಿ ಕಲಸಿ ಅವನು ದಿನಕ್ಕೆ ಮೂರು ಸಲ ಕೊಡುತ್ತಿದ್ದ ಲೋಟ ಅದು.

"ಪೂರ್ತಿ ಕುಡಿದ್ಯಾ?"

"ನೋಡು, ಒಂದು ತೊಟ್ಟೂ ಇಲ್ಲ," ಎಂದಳು.

ಬಂದರಿನಾಚೆಯ ಗಿಡದ ಸಾಮಾನಿನ ಅಂಗಡಿಯಲ್ಲಿ ಗಡ್ಡದವನೊಬ್ಬ ಗಿಡದ ಫೋಟೋವನ್ನು ಹಿಗ್ಗಿಸಿ ನೋಡಿದ.

"ಹೊಸ ಮೀಟರ್ ತಗೊಳ್ಳಿ, ಆದರೆ ನೆನಪಿಟ್ಕೊಳ್ಳಿ. ಮುಚ್ಚಳದೊಳಗೆ ಈ ಉಪ್ಪಿನ ದ್ರಾವಣ ಎರಡು ಹನಿ ಇರಬೇಕು. ಬರೀ ನೀರಲ್ಲೂ ಇಡಬೇಡಿ, ಹಾಳಾಗುತ್ತೆ. ವಾರಕ್ಕೊಮ್ಮೆ ಏಳೇ ತೋರಿಸಬೇಕಾದ ಈ ದ್ರಾವಣದಲ್ಲಿ ಅದ್ದಿ, ಆಮೇಲೆ ನಾಲ್ಕೇ ತೋರಿಸಬೇಕಾದ ಇದರಲ್ಲಿ ಅದ್ದಿ ತಾಳೆ ನೋಡಿ. ಅದಿರ್ಲಿ, ಇದೆಂಥ ದೀಪ ಸ್ವಾಮಿ? ನಿಮ್ಮದೇನು ಗಿಡವೋ ಡ್ಯಾನ್ಸ್ ಬಾರೋ?"

"ಗಿಡಕ್ಕೆ ನೇರಳೆ ಒಳ್ಳೇದು ಅಂದ್ರು."

"ಗಿಡ ಹೇಗೋ ಬದುಕುತ್ತೆ. ಆದರೆ ಆ ಬೆಳಕಲ್ಲಿ ರೋಗ ಬಂದ್ರೂ ನಿಮ್ಮ ಕಣ್ಣಿಗೆ ಕಾಣಲ್ಲ. ಎಲ್ಲ ಒಂದೇ ಬಣ್ಣ. ಬಿಳಿ ಬೆಳಕಿನ ಎಲ್‌ಇಡಿ ಹಲಗೆ ತಗೊಳ್ಳಿ. ನಿಮ್ಮ ಕಪಾಟಿಗೆ ನೂರು ವಾಟ್ ಧಾರಾಳ. ಗಿಡದ ನೆತ್ತಿಗಿಂತ ಒಂದು ಮೊಳ ಮೇಲೆ ಕಟ್ಟಿ."

ಎವಾಲ್ಡ್ ಹಲಗೆಯನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ನಿಂತು ಬಂದ. ಬ್ರೇಕ್ ಹಾಕಿದಾಗಲೆಲ್ಲ ಅದು ಎದುರಿನ ಹೆಂಗಸಿನ ಟೋಪಿಗೆ ಬಡಿಯುತ್ತಿತ್ತು. ಅವನು ಕ್ಷಮೆ ಕೇಳುತ್ತಲೇ ಮನೆ ತಲುಪಿದ.

ಮನೆಯಲ್ಲಿ ಗುಡ್ರುನ್ ಅಷ್ಟರಲ್ಲಿ ಹುಳಿ ಇಳಿಯಲಿ ಎಂದು ಮೊಟ್ಟೆಯ ಸಿಪ್ಪೆ ಪುಡಿಮಾಡಿ ಕುಂಡಕ್ಕೆ ಸುರಿದಿದ್ದಳು. ಅದು ಮಣ್ಣಿಗೆ ಇಳಿಯಲು ವರ್ಷ ಬೇಕೆಂದು ಮೇಷ್ಟ್ರು ವಾದಿಸಿ, ತಮ್ಮ ಕಡೆಯಿಂದ ಒಂದು ಚಮಚ ಅಡುಗೆ ಸೋಡ ಹಾಕಲು ಕೈಯೆತ್ತಿದ್ದರು. "ದಯವಿಟ್ಟು ಏನೂ ಹಾಕಬೇಡಿ," ಎಂದ ಎವಾಲ್ಡ್. ಮೇಷ್ಟ್ರು ಮುಖ ಊದಿಸಿಕೊಂಡರು.

ಹೊಸ ಮೀಟರನ್ನು ಏಳರಲ್ಲಿ ಅದ್ದಿ, ತೊಳೆದು, ಉಜ್ಜದೆ ಹಗುರಾಗಿ ಒತ್ತಿ ಒರೆಸಿ, ನಾಲ್ಕರಲ್ಲಿ ಅದ್ದಿದರು. ಕೂದಲೆಳೆಯಷ್ಟೂ ತಪ್ಪಿಲ್ಲ. ಆಮೇಲೆ ಬೆಳಿಗ್ಗೆ ತಟ್ಟೆಯಿಂದ ತೆಗೆದಿಟ್ಟಿದ್ದ ನೀರಿನಲ್ಲಿ ಅದ್ದಿದರು. ಮತ್ತೆ ಅದೇ ನಾಲ್ಕು ಚಿಲ್ಲರೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹಾಗಾದ್ರೆ ದೀಪದ್ದೇ ತಪ್ಪು," ಎಂದಳು ಗುಡ್ರುನ್.

ಎವಾಲ್ಡ್ ಸ್ಟೂಲು ಹತ್ತಿ ನೇರಳೆ ದೀಪ ಬಿಚ್ಚಿದ. ಮೇಷ್ಟ್ರು ಹಲಗೆ ಎತ್ತಿಕೊಟ್ಟರು, ಗುಡ್ರುನ್ ಸ್ಟೂಲಿನ ಬದಲು ಎವಾಲ್ಡ್‌ನ ಕಾಲು ಹಿಡಿದುಕೊಂಡಳು. ತೆಲ್ಸೆ ದಿಂಬಿಗೊರಗಿ ನಗುತ್ತಿದ್ದಳು. "ಬಿದ್ರೆ ನನ್ನ ಮೇಲೆ ಬೀಳ್ಬೇಡ," ಎಂದಳು. ಅವನು ಸ್ವಿಚ್ ಒತ್ತಿದ.

ಕೋಣೆ ಮೀನಿನ ಮಾರುಕಟ್ಟೆಯ ಹಾಗೆ ಬೆಳ್ಳಗಾಯಿತು.

ಗುಡ್ರುನ್ ಕೈ ತಾನಾಗಿ ಅವನ ಕಾಲಿನಿಂದ ಜಾರಿತು. ದಿಂಬಿನ ಮೇಲಿದ್ದ ಮುಖದಲ್ಲಿ ಕೆಂಪೆಂಬುದೇ ಇರಲಿಲ್ಲ. ಕೆನ್ನೆ ಹಳ್ಳ ಬಿದ್ದು ಮೂಳೆ ಎದ್ದಿತ್ತು. ಚರ್ಮ ಹಳೆಯ ಮೇಣದ ಬಣ್ಣಕ್ಕೆ ತಿರುಗಿತ್ತು. ಕತ್ತಿನ ನರಗಳನ್ನು ಎಣಿಸಬಹುದಿತ್ತು.

"ಒಲೆ ಮೇಲೆ ಹಾಲಿಟ್ಟು ಬಂದೆ," ಎಂದು ಗುಡ್ರುನ್ ಹೊರಟಳು. ಮೇಷ್ಟ್ರೂ, ತಾವು ಏನೂ ಇಟ್ಟು ಬಂದಿಲ್ಲದಿದ್ದರೂ, ಅವಳ ಹಿಂದೆ ಹೊರಟರು.

ಎವಾಲ್ಡ್ ಸ್ಟೂಲಿನಿಂದ ಇಳಿದ. ಎಲ್ಲಿ ನೋಡುವುದೆಂದು ತಿಳಿಯದೆ ಕುಂಡದ ಕಡೆ ನೋಡಿದ. ಅಲ್ಲಿಯೂ ಬೆಳಕು ಅವನಿಗೆ ದಯೆ ತೋರಲಿಲ್ಲ. ಹಾಸಿಗೆಯ ಪಕ್ಕಕ್ಕಿದ್ದ ಕುಂಡದ ಅಂಚಿನ ಮೇಲೆ ಏನೋ ಹರಿದು ಒಣಗಿ ಹೊಳೆಯುತ್ತಿತ್ತು. ನೊಣಗಳೆಲ್ಲ ಅಲ್ಲೇ ಕೂತಿದ್ದವು. ಬೆರಳು ತಾಗಿಸಿದ. ಅಂಟಂಟು. ನಾಲಿಗೆಗೆ ಹಚ್ಚಿಕೊಂಡ. ಸೇಬು.

"ಎಷ್ಟು ದಿನದಿಂದ, ತೆಲ್ಸೆ?"

ಅವಳು ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಮೊದಮೊದಲು ಅರ್ಧ ಕುಡೀತಿದ್ದೆ. ಆಮೇಲೆ ವಾಸನೆ ಬಂದ್ರೇ ಹೊಟ್ಟೆ ತೊಳೆಸೋದು."

"ಬೇಡ ಅನ್ನಬಹುದಿತ್ತಲ್ಲ."

"ಲೋಟ ಹಿಡ್ಕೊಂಡು ಬರುವಾಗ ನಿನ್ನ ಮುಖ ಹೇಗಿರುತ್ತೆ ಅಂತ ನಿಂಗೆ ಗೊತ್ತಿಲ್ಲ, ಎವಾಲ್ಡ್. ಆ ಮುಖಕ್ಕೆ ಬೇಡ ಅನ್ನೋ ಶಕ್ತಿ ನನಗಿಲ್ಲ." ಗಿಡದ ಕಡೆ ಕಣ್ಣು ಹೊರಳಿಸಿದಳು. "ಇದಂತೂ ಕೊಟ್ಟಷ್ಟೂ ಕುಡೀತು. ಅದಾದ್ರೂ ದಪ್ಪ ಆಗ್ಲಿ ಅಂದ್ಕೊಂಡೆ."

'ಅದೂ ಸಾಯ್ತಿದೆ' ಎಂಬ ಮಾತು ಅವನ ಬಾಯಿಗೆ ಬಂತು. ಮೊದಲ ಅಕ್ಷರದಲ್ಲೇ ನುಂಗಿಕೊಂಡ. ಅವಳು ಅದನ್ನು ಕೇಳಿಸಿಕೊಂಡವಳಂತೆ ಕೈ ಚಾಚಿದಳು. ಅವನು ಹಾಸಿಗೆಯ ಅಂಚಿನಲ್ಲಿ ಕೂತು ಆ ಕೈ ಹಿಡಿದುಕೊಂಡ. ಅದು ಇಷ್ಟು ಹಗುರವಾದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ.

"ನಾಳೆಯಿಂದ ತರಲ್ಲ," ಎಂದ.

"ಬರೀಗೈಲಾದ್ರೂ ಬಾ," ಎಂದಳು.

ಅವಳಿಗೆ ಜೊಂಪು ಹತ್ತಿದ ಮೇಲೆ ಬಾಗಿಲ ಬಳಿ ಸದ್ದಾಯಿತು. ಗುಡ್ರುನ್ ಈ ಸಲ ಒಳಗೆ ಬರದೆ ಹೊರಗೇ ನಿಂತು ಗಂಟೆ ಒತ್ತಿದ್ದಳು. ಕಣ್ಣು ಕೆಂಪಗಿತ್ತು. ತೆಲ್ಸೆಯ ವಿಷಯ ಕೇಳಲು ಬಂದವಳು, ಅವನ ಮುಖ ನೋಡಿ, ಬೇರೆ ಏನೋ ಕೇಳಿದಳು.

"ಗಿಡಕ್ಕೆ ಏನಾಗಿತ್ತು, ಗೊತ್ತಾಯ್ತಾ?"

"ಏನಿಲ್ಲ, ಗುಡ್ರುನ್ ಅವರೇ. ನಾನೇ ನೀರು ಜಾಸ್ತಿ ಹಾಕ್ತಿದ್ದೆ."

"ನಾನು ಬೆಳಿಗ್ಗೇನೇ ಅಂದ್ಕೊಂಡೆ," ಎಂದು ಮೂಗು ಒರೆಸಿಕೊಂಡು ಅವಳು ಮೆಟ್ಟಿಲಿಳಿದಳು. ಕೆಳಗಿನ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೂ ಎವಾಲ್ಡ್ ಅಲ್ಲೇ ನಿಂತಿದ್ದ.