ಮಾಗಡಿಗೆ ಕಳಿಸಿದ ಕಾಗದದ ನಕ್ಷತ್ರ

ಕೈಯಲ್ಲೊಂದು ಕತ್ತರಿ, ಮುಂದೊಂದು ಹಾಳೆ ಬಣ್ಣದ ಕಾಗದ ಇದ್ದರೆ ನಾನು ಈ ಲೋಕದವನಲ್ಲ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಕಾಗದ. ಮಡಿಸುವಾಗ ಅದು ಸರಸರ ಎಂದರೆ ಸಾಕು, ಕಣ್ಣು ತಾನಾಗಿ ಅರ್ಧ ಮುಚ್ಚಿಕೊಳ್ಳುತ್ತದೆ. ಚನ್ನಪಟ್ಟಣದ ತಾಲ್ಲೂಕು ಕಚೇರಿ, ಅಲ್ಲಿಯ ಶಿರಸ್ತೇದಾರರು, ಅವರ ಮೂಗಿನ ತುದಿಯ ಕನ್ನಡಕ, ಎಲ್ಲವೂ ಚಳಿಗಾಲದ ಮಂಜಿನಲ್ಲಿ ಕರಗಿಹೋಗುತ್ತವೆ. ನ್ಯಾಯವಾಗಿ ಗುಮಾಸ್ತನಿಗೆ ಕಾಗದ ಕಂಡರೆ ವಾಕರಿಕೆ ಬರಬೇಕು. ಆದರೆ ಬರೆಯುವ ಕಾಗದವೇ ಬೇರೆ, ಕತ್ತರಿಸುವ ಕಾಗದವೇ ಬೇರೆ. ಮೊದಲನೆಯದು ಸರ್ಕಾರದ್ದು, ಎರಡನೆಯದು ನನ್ನದು.

ಈ ಹುಚ್ಚು ಹಿಡಿದದ್ದು ಪಕ್ಕದ ಊರು ಕ್ಲೋಸ್‌ಪೇಟೆಯ ಸರ್ಕಾರಿ ಬಂಗಲೆಯಲ್ಲಿ. ಕ್ರಿಸ್ಮಸ್ ರಜಕ್ಕೆ ಅಲ್ಲಿ ಮೊಕ್ಕಾಂ ಮಾಡಿದ್ದ ಇಂಜಿನಿಯರ್ ದೊರೆಯ ಹೆಂಡತಿಗೆ, ಉಡುಗೊರೆಗಳ ಮೇಲೆ ಹೆಸರು ಬರೆಯಲು ದುಂಡನೆಯ ಅಕ್ಷರದವನೊಬ್ಬ ಬೇಕಾಗಿದ್ದ. ಅಮಲ್ದಾರರು ನನ್ನನ್ನು ಅಟ್ಟಿದರು. ಹೆಸರು ಬರೆಯುವ ಕೆಲಸ ಬೇಗನೆ ಮುಗಿಯಿತು. ಆಮೇಲೆ ದೊರೆಸಾನಿ ಜಮಖಾನದ ಮೇಲೆ ಕೂತು ಕಾಗದ ಕತ್ತರಿಸುವುದನ್ನು ನೋಡುತ್ತ ನಿಂತೆ, ನಿಂತವನು ಕೂತೆ, ಕೂತವನ ಕೈಗೆ ಕತ್ತರಿ ಬಂತು. ಕೆಂಪು ಹಸಿರು ಪಟ್ಟಿಗಳನ್ನು ಬಳೆ ಮಾಡಿ ಒಂದರೊಳಗೊಂದು ಸೇರಿಸಿ ಸರ, ಬಿದಿರು ಕಡ್ಡಿಗೆ ಕಾಗದ ಮೆತ್ತಿ ನಕ್ಷತ್ರ, ಕೊಡುವ ಸಾಮಾನು ಏನೇ ಇರಲಿ ಅದಕ್ಕೊಂದು ಬಣ್ಣದ ಹೊದಿಕೆ. "ಒಳಗೆ ಏನು, ಗೊತ್ತು ಆಗಬಾರದು. ಅದೇ ಚಂದ" ಎಂದು ಆಯಮ್ಮ ತನಗೆ ಬಂದ ಕನ್ನಡದಲ್ಲಿ ಹೇಳಿದಳು. ಕಿಟಕಿಯಾಚೆ ರಾಮದೇವರ ಬೆಟ್ಟ ಮಂಜಿನಲ್ಲಿ ಮುಳುಗಿತ್ತು. ಅದನ್ನೂ ಯಾರೋ ಬಿಳಿ ಕಾಗದದಲ್ಲಿ ಸುತ್ತಿಟ್ಟಿದ್ದಾರೆ ಅನ್ನಿಸಿತು. ಒಳಗೆ ಬೆಟ್ಟವೇ ಇರಬೇಕೆಂದು ಏನು ಖಾತ್ರಿ? ಆ ಯೋಚನೆಯಲ್ಲೇ ಸಂಜೆಯಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಬರಿಮೈಯ ಸಾಮಾನು ಉಳಿಯಲಿಲ್ಲ. ಹಾಲಿನವಳಿಗೆ ಕೊಡುವ ಹಳೇ ರವಿಕೆಯನ್ನೂ ನೇರಳೆ ಕಾಗದದಲ್ಲಿ ಸುತ್ತಿಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಯ್ಯೋ ಬುದ್ಧಿ, ನಂಗ್ಯಾಕೆ ಮಾಟದ ಗಂಟು" ಎಂದು ಜಗುಲಿಯ ಮೇಲೇ ಇಟ್ಟುಹೋದಳು. "ಕಚೇರಿ ಕಾಗ್ದ ಸಾಲ್ದು ಅಂತ ಸಂತೆ ಕಾಗ್ದಾನೂ ತಂದು ಗುಡ್ಡೆ ಹಾಕ್ತೀರಲ್ಲ" ಎಂದು ನಮ್ಮ ಮನೆಯವಳು ಗೊಣಗಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಕಾಗದ ಮಡಿಸುವಾಗ ನನಗೆ ಕಿವಿ ಕೇಳುವುದಿಲ್ಲ.

ಅಷ್ಟರಲ್ಲಿ ಸಂಕ್ರಾಂತಿ ಬಂತು. ನಮ್ಮ ಮನೆಯವಳಿಗೂ ಮಾಗಡಿಯಲ್ಲಿರುವ ಅವಳ ಅಕ್ಕನಿಗೂ ಮಾತು ನಿಂತು ಕೆಲವು ವರ್ಷಗಳಾಗಿದ್ದವು. ಜಗಳ ಹೊಲಕ್ಕಲ್ಲ, ಒಡವೆಗಲ್ಲ. ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳಿಗೆ. ಅವುಗಳಲ್ಲಿ ಪಾಕ ಹೊಯ್ದು ಗಿಳಿ, ಬಸವ, ಬೃಂದಾವನ ತೆಗೆಯುತ್ತಿದ್ದವಳು ಅವರ ಅವ್ವ. ಅವ್ವ ತೀರಿದ ಮೇಲೆ ಅಕ್ಕ ಅವನ್ನು ಮಾಗಡಿಗೆ ಒಯ್ದಳು, ತಂಗಿ ಒಂದು ಮಾತು ಆಡಿದಳು, ಅಕ್ಕ ಎರಡು ಆಡಿದಳು, ಅಲ್ಲಿಗೆ ಮುಗಿಯಿತು. ನಮ್ಮ ಮನೆಯವಳು ಪ್ರತಿ ಸಂಕ್ರಾಂತಿಯಲ್ಲೂ ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಈ ಸಲ ಅವಳೇ ಸೋತಳು. ನೆರೆಮನೆಯಿಂದ ಪಡಿಯಚ್ಚು ಎರವಲು ತಂದು ಸೊಟ್ಟ ಕೊಕ್ಕಿನ ಒಂದಿಷ್ಟು ಗಿಳಿ ಮಾಡಿ, ಎಳ್ಳು ಬೆಲ್ಲದ ಜೊತೆ ಹಿತ್ತಾಳೆ ಡಬ್ಬಿಗೆ ತುಂಬತೊಡಗಿದಳು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತಾರೆ. ತಿಂದ್ಲು ಅಂದ್ರೆ ಮಾತಾಡ್ಲೇಬೇಕು" ಎಂದಳು.

ಆ ಮಂಕು ಡಬ್ಬಿಯನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ಇಂಥ ದೊಡ್ಡ ರಾಜಿಗೆ ಇಂಥ ಉಡುಪೇ?

"ನಾನು ಸುತ್ತಿಕೊಡ್ತೀನಿ" ಎಂದೆ.

"ಬ್ಯಾಡಿ ಅಂದ್ರೆ. ಡಬ್ಬಿ ಆದ್ರೆ ಬರಿದಾಗಿ ವಾಪಸ್ ಬರಾಕಿಲ್ಲ. ಅಕ್ಕ ಒಸಿ ಸಕ್ಕರೆನಾದ್ರೂ ಹಾಕಿ ಕಳಿಸ್ತಾಳೆ. ನಂಗೆ ಅದು ಬೇಕು."

ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂಬುದು ನಮ್ಮ ಸೀಮೆಯ ಎಳೆಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ನನ್ನ ಕಣ್ಣಿನಲ್ಲಿ ನಕ್ಷತ್ರ ಮೂಡಿಬಿಟ್ಟಿತ್ತು. ದೊರೆಸಾನಿಯ ಹೆಸರು ಹೇಳಿ ಬಾಯಿ ಮುಚ್ಚಿಸಿದೆ. ಬಿದಿರು ಕಡ್ಡಿಯ ಹಂದರ, ಮೈದಾ ಅಂಟು, ಕೆಂಪು ಕಾಗದ, ಅಂಚಿಗೆ ಬೇಗಡೆಯ ಮಿಂಚು, ಕೆಳಗೆ ಕುಚ್ಚು. ಎಳ್ಳಿನ ಪೊಟ್ಟಣವನ್ನೂ ಗಿಳಿಗಳನ್ನೂ ಹೊಟ್ಟೆಯೊಳಗಿಟ್ಟು, ಅಲ್ಲಾಡಿದರೂ ಸದ್ದಾಗದಂತೆ ಅರಳೆ ತುಂಬಿದೆ. ಒಳಗೆ ಏನಿದೆಯೆಂದು ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ.

ಮಾಗಡಿಯ ಕಡೆ ಹೊರಟಿದ್ದ ಗಾಡಿಯ ಸಿದ್ದಪ್ಪ ಅದನ್ನು ನೋಡಿ ಪೇಟ ತೆಗೆದು, "ಇದ್ಯಾವ ದೇವ್ರು ಸಾಮಿ?" ಎಂದ. "ದೇವರಲ್ಲ ಕಣಯ್ಯ. ಅಮುಕಬೇಡ, ನೆಲಕ್ಕೆ ಇಡಬೇಡ, ದಾರ ಹಿಡಿದು ತೂಗುಹಾಕು" ಎಂದೆ. ಗಾಡಿಯ ಕಮಾನಿಗೆ ಕಟ್ಟಿಕೊಂಡ. ಮಂಜಿನಲ್ಲಿ ಗಾಡಿ ಮರೆಯಾದ ಮೇಲೂ ಕೆಂಪು ನಕ್ಷತ್ರ ಮಾತ್ರ ಗಾಳಿಯಲ್ಲಿ ತೇಲುತ್ತ ಹೋಗುತ್ತಿರುವಂತೆ ಕಂಡಿತು. ನಾನು ಬಾಗಿಲಲ್ಲೇ ನಿಂತಿದ್ದೆ. ಅವತ್ತು ಕಚೇರಿಗೆ ತಡವಾಯಿತು.

ಮಾಗಡಿಯಿಂದ ಏನೂ ಬರಲಿಲ್ಲ. ಗಾಡಿ ಸದ್ದಾದಾಗಲೆಲ್ಲ ನಮ್ಮ ಮನೆಯವಳು ಒದ್ದೆ ಕೈಯಲ್ಲೇ ಹೊರಗೆ ಬಂದು, ಬೀದಿ ನೋಡಿ ಒಳಗೆ ಹೋಗುವಳು. ಕೊನೆಗೆ ಬರುವುದನ್ನೂ ಬಿಟ್ಟಳು. "ಅಕ್ಕ ತಿನ್ಲಿಲ್ಲ. ನನ್ನ ಕೈಯಿಂದ ಬಂದದ್ದು ಅವಳಿಗೆ ಬ್ಯಾಡ" ಎಂದು ಒಂದು ಸಂಜೆ ಅವರೆಕಾಯಿ ಬಿಡಿಸುತ್ತ ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ರಜ ಹಾಕಿ ಮಾಗಡಿಗೆ ಹೊರಟೆ.

ಅಕ್ಕನ ಮನೆಯ ಮುಂಬಾಗಿಲ ಮೇಲೆ ನನ್ನ ನಕ್ಷತ್ರ ತೂಗುತ್ತಿತ್ತು. ಸುಳ್ಳು ಹೇಳುವುದಿಲ್ಲ, ಮೊದಲು ಎದೆ ಉಬ್ಬಿತು. ಬೀದಿಗೇ ಅದೊಂದು ಕಳೆ. ಆಮೇಲೆ ಅಕ್ಕ ಹೊರಗೆ ಬಂದಳು.

"ಬನ್ನಿ ಗುಮಾಸ್ತ್ರೆ" ಎಂದಳು. ದನಿ ತಣ್ಣಗಿತ್ತು. "ಬಾಗ್ಲಿಗೆ ತೋರಣ ಕಳಿಸಿದ್ರಿ, ಊರೆಲ್ಲ ನೋಡ್ಕಂಡು ಹೋಯ್ತು. ಆದ್ರೆ ನನ್ನ ತಂಗಿಗೆ ಒಂದು ಹಿಡಿ ಎಳ್ಳಿಗೂ ಬಡತನ ಬಂದ್ಬುಟ್ಟಿತಾ? ಸಂಕ್ರಾಂತಿ ದಿನ ಅಕ್ಕನಿಗೆ ಬರೀ ಕಾಗ್ದ ಕಳಿಸ್ತಾರಾ?"

ನಾನು ತೂಗುಹಾಕು ಎಂದದ್ದನ್ನು ಸಿದ್ದಪ್ಪ ಮಾಗಡಿಯವರೆಗೂ ಪಾಲಿಸಿ, ಬಾಗಿಲಿಗೂ ತಾನೇ ತೂಗುಹಾಕಿ ಹೋಗಿದ್ದ. ತಲೆಯೆತ್ತಿ ನೋಡಿದೆ. ಹೊಸ್ತಿಲ ಮೂಲೆಯಿಂದ ಹೊರಟ ಇರುವೆಗಳ ಸಾಲೊಂದು ಬಾಗಿಲ ಚೌಕಟ್ಟನ್ನು ಹತ್ತಿ, ದಾರ ಹಿಡಿದು ಇಳಿದು, ನಕ್ಷತ್ರದ ಹೊಟ್ಟೆಗೆ ಹೋಗುತ್ತಿತ್ತು. ಇನ್ನೊಂದು ಸಾಲು ಎಳ್ಳು ಹೊತ್ತುಕೊಂಡು ಬರುತ್ತಿತ್ತು. ಮಾಗಡಿಯಲ್ಲಿ ನಮ್ಮ ಎಳ್ಳುಬೆಲ್ಲ ತಿಂದದ್ದು ಆ ಇರುವೆಗಳು ಮಾತ್ರ.

"ಅವು ಮೈದಾ ಅಂಟಿಗೆ ಮುತ್ಕಂಡವೆ" ಎಂದಳು ಅಕ್ಕ.

ನಾನು ನಕ್ಷತ್ರ ಇಳಿಸಿ ಹರಿದೆ. ನನ್ನ ಕೈಯಾರೆ ಮಾಡಿದ್ದನ್ನು ಹರಿದದ್ದು ಅದೇ ಮೊದಲು. ಅರಳೆ, ಇರುವೆ, ಕರಗಿದ ಬೆಲ್ಲ, ರೆಕ್ಕೆ ಸವೆದ ಗಿಳಿಗಳು. ಒಂದು ಮಾತ್ರ ಇಡಿಯಾಗಿತ್ತು. ಅಕ್ಕ ಅದನ್ನೆತ್ತಿಕೊಂಡು ಸೊಟ್ಟ ಕೊಕ್ಕನ್ನು ಬೆರಳಿನಿಂದ ಸವರಿದಳು.

"ಎರವಲು ಅಚ್ಚಲ್ಲಿ ಮಾಡವ್ಳೆ" ಎಂದಳು. ಉಫ್ ಎಂದು ಇರುವೆ ಊದಿ, ಊದಿದರೂ ಹೋಗದವುಗಳ ಸಮೇತ ಗಿಳಿಯನ್ನು ಬಾಯಿಗಿಟ್ಟುಕೊಂಡಳು. "ಇರುವೆ ತಿಂದ್ರೆ ಕಣ್ಣು ಚೆಂದಾಗಿ ಕಾಣ್ತವೆ ಅಂತಿದ್ಲು ನಮ್ಮವ್ವ. ಇಷ್ಟು ದಿನ ನಂಗೇ ಕಾಣ್ಲಿಲ್ಲ ಬುಡಿ."

ಮರುದಿನ ನಾನು ಹೊರಡುವಾಗ ಒಂದು ಗಂಟು ತಂದುಕೊಟ್ಟಳು. ಮಾಸಿದ ಹಸಿರು ಬಟ್ಟೆ, ಎರಡು ಬಿಗಿ ಗಂಟು, ಅಷ್ಟೇ. "ಹಿಂಗೇ ಕೊಡಿ. ಕಾಗ್ದ ಗೀಗ್ದ ಹಚ್ಚಬ್ಯಾಡಿ" ಎಂದಳು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಎತ್ತಿನ ಕೊರಳ ಗಂಟೆ ಜೋಗುಳ ಹಾಡುತ್ತಿತ್ತು. ಈ ಬಡಕಲು ಗಂಟಿಗೆ ತಿಳಿನೀಲಿ ಕಾಗದ ಒಪ್ಪುತ್ತದೋ ಗುಲಾಬಿಯೋ ಎಂದು ಯೋಚಿಸುತ್ತ ಅರೆನಿದ್ದೆಯಲ್ಲಿದ್ದೆ. ಕ್ಲೋಸ್‌ಪೇಟೆಯಲ್ಲಿ ಕಾಗದದ ಅಂಗಡಿ ಮುಚ್ಚಿತ್ತು. ಪುಣ್ಯ.

ನಮ್ಮ ಮನೆಯವಳು ಜಗುಲಿಯ ಮೇಲೇ ಕೂತು ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಅವ್ವನ ಪಡಿಯಚ್ಚುಗಳು ಗಳಗಳ ಉರುಳಿ ಅಂಗಳಕ್ಕೆ ಬಿದ್ದವು. ಅವಳು ಅವುಗಳ ಕಡೆ ನೋಡಲೇ ಇಲ್ಲ. ಆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. "ಅವ್ವನ ಸೀರೆ" ಎಂದಳು, ಬಟ್ಟೆಯೊಳಗಿನಿಂದಲೇ. ಇಷ್ಟು ವರ್ಷ ಯಾವುದಕ್ಕಾಗಿ ಮಾತು ಬಿಟ್ಟಿದ್ದರೋ ಅದನ್ನೆಲ್ಲ ನಾನು ಅಂಗಳದಲ್ಲಿ ಬಗ್ಗಿ ಬಗ್ಗಿ ಆರಿಸಿದೆ.

ಮುಂದಿನ ಸಂಕ್ರಾಂತಿಗೆ ಅಕ್ಕನೇ ನಮ್ಮಲ್ಲಿಗೆ ಬಂದಳು. ಅಕ್ಕ ತಂಗಿ ಒಲೆಯ ಮುಂದೆ ಗಿಳಿ ತೆಗೆಯುತ್ತ ಕೂತರು. ಕತ್ತರಿ ಎಲ್ಲಿಟ್ಟಿದ್ದರೋ ನನಗೆ ತಿಳಿಯದು. ಹುರಿದ ಕಡಲೆಕಾಯಿ ಬೀಜವನ್ನು ಉಜ್ಜಿ ಸಿಪ್ಪೆ ಊದುವ ಕೆಲಸ ನನ್ನ ಪಾಲಿಗೆ ಬಂತು. ಮೊರ ತುಂಬ ಕೆಂಪು ಸಿಪ್ಪೆ. ತೆಳ್ಳಗೆ, ಬಿಸಿಲು ಆಚೆಯಿಂದ ಕಾಣುವಷ್ಟು ತೆಳ್ಳಗೆ. ಒಂದೊಂದು ಬೀಜಕ್ಕೂ ಅಳತೆಗೆ ಸರಿಯಾದ ಹೊದಿಕೆ. ಒಂದನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಅರ್ಧ ಮುಚ್ಚಿದೆ.

"ಊದಿ ಅಂದ್ರೆ" ಎಂದಳು ನಮ್ಮ ಮನೆಯವಳು.

ಊದಿದೆ.