ದಡ ಕಾಣದ ದಿನಕ್ಕೊಂದು ದೂರು

"ಹಡಗಲ್ಲಿ ದಡ ಕಾಣದ ದಿನ ಹೊತ್ತೇ ಹೋಗಲ್ಲ ಭಾವ, ಪುಸ್ತಕ ಗಿಸ್ತಕ ಏನಾದ್ರೂ ಇಟ್ಕೊಳ್ಳಿ" ಎಂದು ನನ್ನ ಭಾಮೈದ ಬುದ್ಧಿ ಹೇಳಿದಾಗ ನಾನು ಹೇಗೆ ನಕ್ಕೆನೆಂದರೆ, ಅವನ ಮನೆಯ ನಾಯಿ ಎದ್ದು ಒಳಗೆ ಹೋಯಿತು!

"ಹೊತ್ತು ಹೋಗಲ್ವಾ? ನನಗಾ? ಜೀವಮಾನವೆಲ್ಲ ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಫೋನ್ ಎತ್ತಿದವನಯ್ಯ ನಾನು! ಕರೆಂಟ್ ಹೋಯ್ತು ಅಂತ ಬೈಯೋಕೆ ಫೋನ್ ಮಾಡಿದವರು, ಕೊನೆಗೆ ಮಗಳ ಮದುವೆಗೆ ಬನ್ನಿ ಅಂತ ಕರೆದು ಫೋನ್ ಇಟ್ಟಿದ್ದಾರೆ. ಅಂಥವನಿಗೆ ಸ್ವಂತ ಹೆಂಡತಿ ಹತ್ತಿರ ಮಾತಾಡೋದು ಕಷ್ಟವಾ?"

"ಅಕ್ಕನ ಹತ್ತಿರ ನೀವು ಯಾವಾಗ ಮಾತಾಡಿದ್ರಿ ಭಾವ?" ಎಂದ ಅವನು.

ಕೇಳಬಾರದ ಪ್ರಶ್ನೆ. ಆದರೆ ನ್ಯಾಯವಾದ ಪ್ರಶ್ನೆ. ನನ್ನದು ಖಾಯಂ ರಾತ್ರಿ ಪಾಳಿ. ನನ್ನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ, ಅವಳದು ಬೆಳಗಿನ ಪಾಳಿ. ಅವಳು ಚಪ್ಪಲಿ ಮೆಟ್ಟುವಾಗ ನಾನು ಚಪ್ಪಲಿ ಬಿಡುತ್ತಿದ್ದೆ. ರಜೆ ಸಿಕ್ಕಿದರೂ ರಾತ್ರಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ, ಗೂಬೆಯ ಹಾಗೆ ಹಜಾರದಲ್ಲಿ ಕೂತಿರುತ್ತಿದ್ದೆ. ನಮ್ಮ ಇಡೀ ದಾಂಪತ್ಯ ನಡೆದದ್ದು ಹೊಸ್ತಿಲ ಮೇಲೆ. "ಹಾಲು ಬಂತಾ?" "ಬಂತು." "ಗ್ಯಾಸ್?" "ಆಫ್ ಮಾಡಿದೀನಿ." ಇಷ್ಟೇ! ಇಷ್ಟರಲ್ಲಿ ಒಬ್ಬ ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದದ್ದು ಹೇಗೆಂದು ನನ್ನ ಭಾಮೈದನಿಗೆ ಇವತ್ತಿಗೂ ಸೋಜಿಗ.

ಇಬ್ಬರೂ ಒಂದೇ ತಿಂಗಳಲ್ಲಿ ನಿವೃತ್ತರಾದೆವು. ಆಗ ಶುರುವಾಯಿತು ನನಗೆ ನಡುಕ. ಇನ್ನು ಮೇಲೆ ಹಗಲೂ ರಾತ್ರಿಯೂ ಒಂದೇ ಮನೆಯಲ್ಲಿ ನಾವಿಬ್ಬರೇ. ಏನು ಮಾತಾಡುವುದು? ಅದಕ್ಕೇ ಈ ಪುಟ್ಟ ಪ್ರವಾಸಿ ಹಡಗನ್ನು ಹಿಡಿದೆ. ಒಂದು ಊರಿನ ಬಂದರು ಬಿಟ್ಟರೆ ಇನ್ನೊಂದು ಊರಿನ ಬಂದರು ಸಿಗುವ ತನಕ ಬರೀ ನೀರು, ಇಳಿಯುವ ಹಾಗಿಲ್ಲ, ಓಡಿಹೋಗುವ ಹಾಗಿಲ್ಲ. ಈ ಸಮುದ್ರದ ದಿನಗಳಲ್ಲಿ ಹೆಂಡತಿಯೊಡನೆ ಹೊತ್ತು ಕಳೆಯಲು ಕಲಿತರೆ, ಉಳಿದ ಆಯುಸ್ಸನ್ನು ಮನೆಯಲ್ಲಿ ಕಳೆಯುವುದು ಸಲೀಸು. ಕಲಿಯದಿದ್ದರೆ ಏನು ಗತಿ ಎಂದು ನಾನು ಯೋಚಿಸಲಿಲ್ಲ, ಯೋಚಿಸಲು ಹೆದರಿಕೆಯಾಗಿತ್ತು.

ಮೊದಲ ಸಮುದ್ರದ ದಿನ ಬಂತು. ತಿಂಡಿ ಮುಗಿಸಿ ಡೆಕ್ಕಿನ ಮೇಲೆ ಎರಡು ಒರಗು ಕುರ್ಚಿ ಹಿಡಿದೆ. ಒಂದರಲ್ಲಿ ನಾನು, ಒಂದರಲ್ಲಿ ಅವಳು. ರಾಜಮಹಾರಾಜರ ಠೀವಿಯಲ್ಲಿ ಗಂಟಲು ಸರಿಮಾಡಿಕೊಂಡೆ.

"ಸಮುದ್ರ ನೋಡು."

"ನೋಡಿದೆ."

"ಎಷ್ಟು ನೀಲಿ!"

"ಹೂಂ. ನಿನ್ನೆನೂ ನೀಲಿ ಇತ್ತು."

ಮುಗಿಯಿತು! ನಾಲ್ಕು ದಿನಕ್ಕೆಂದು ಕೂಡಿಟ್ಟಿದ್ದ ಮಾತಿನ ದಾಸ್ತಾನು, ಭಾಮೈದನ ಹೊಸ ಮನೆ, ಮಗಳ ಮಾವನ ಮಂಡಿನೋವು, ನಮ್ಮ ಬೀದಿಯ ಕೆಟ್ಟ ದೀಪ, ಎಲ್ಲವೂ ಕಾಫಿ ಬರುವಷ್ಟರಲ್ಲಿ ಖರ್ಚಾಗಿ ಹೋಯಿತು. ಆಮೇಲೆ ಬರೀ ನೀರಿನ ಸದ್ದು. ಅವಳು ಸೆರಗಿನ ಅಂಚು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ರೀ, ನಾನು ಸ್ವಲ್ಪ ಹೀಗೆ ಹೋಗ್ಬರ್ತೀನಿ" ಎಂದು ಎದ್ದಳು. ಕೈಯಲ್ಲೊಂದು ಬಟ್ಟೆಯ ಚೀಲ.

"ಎಲ್ಲಿಗೆ?"

"ಹೀಗೇ."

ಆ "ಹೀಗೇ" ಮಧ್ಯಾಹ್ನದ ಊಟದ ತನಕ ನಡೆಯಿತು. ಊಟವಾದ ಮೇಲೆ ಮತ್ತೆ ಹೀಗೇ. ಅವಳ ಕುರ್ಚಿಗೆ ನಾನು ಕಾವಲು ಕೂತೆ. "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಒಬ್ಬರು ಕೇಳಿದರು. "ನನ್ನ ಹೆಂಡತಿ" ಎಂದೆ. ಇನ್ನೊಬ್ಬರು ಕೇಳಿದರು. "ನನ್ನ ಹೆಂಡತಿ." ಮೂರನೆಯವರು ಆಚೀಚೆ ನೋಡಿ, ಕುರ್ಚಿಯ ಕೆಳಗೂ ಒಮ್ಮೆ ಬಗ್ಗಿ ನೋಡಿ, ನನ್ನ ಮುಖವನ್ನು ಕನಿಕರದಿಂದ ನೋಡಿ ಹೋದರು! ಸುತ್ತ ಎಲ್ಲರೂ ಗುಂಪುಗುಂಪಾಗಿ ನಗುತ್ತಿದ್ದರು. ಅವಳೂ ಎಲ್ಲೋ ಒಂದು ಗುಂಪಿನಲ್ಲಿ ಇಸ್ಪೀಟು ಹಿಡಿದು ನಗುತ್ತಿರಬೇಕು ಅನ್ನಿಸಿತು. ಸಂಜೆ ಅವಳು ಬಂದಾಗ ಮೈಯಿಂದ ಏನೋ ಸುವಾಸನೆ, ಮುಖದಲ್ಲಿ ಬೆಚ್ಚಗಿನ ಕೆಂಪು. ಎಲ್ಲಿದ್ದೆ ಎಂದು ಕೇಳಲು ಹೋಗಿ, ರಾತ್ರಿ ಊಟಕ್ಕೆ ಏನಿದೆಯಂತೆ ಎಂದು ಕೇಳಿದೆ. ಹಡಗಿನ ತೂಗಾಟಕ್ಕೆ ನಾಲಿಗೆ ತಪ್ಪಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎರಡನೆಯ ದಿನ ಡೆಕ್ಕಿಗೂ ಹೋಗಲಿಲ್ಲ. ಖಾಲಿ ಕುರ್ಚಿಗಿಂತ ಖಾಲಿ ಕೋಣೆ ವಾಸಿ. ಮಂಚದ ಮೇಲೆ ಕೂತೆ, ಗುಂಡು ಕಿಟಕಿಯಲ್ಲಿ ನೀರು ನೋಡಿದೆ, ಮತ್ತೆ ಕೂತೆ. ಎಷ್ಟು ಒಂಟಿ ಅನ್ನಿಸಿತೆಂದರೆ, ಕನ್ನಡಿಯೊಳಗಿದ್ದವನಿಗೆ "ಊಟ ಆಯ್ತಾ?" ಎಂದು ಕೇಳಿಬಿಟ್ಟೆ! ಆಗ ಕಣ್ಣಿಗೆ ಬಿತ್ತು ಮಂಚದ ಪಕ್ಕದ ಫೋನು.

ನಮ್ಮ ಕಚೇರಿಗೆ, ಕರೆಂಟ್ ಇದ್ದರೂ ಫೋನ್ ಮಾಡುವ ಕೆಲವರಿದ್ದರು. "ಇದೆ, ಆದ್ರೂ ಕೇಳೋಣ ಅಂತ" ಎನ್ನುತ್ತಿದ್ದರು. ಅವರು ಯಾಕೆ ಫೋನ್ ಮಾಡುತ್ತಾರೆಂದು ನನಗೆ ಆಗ ಹೊಳೆದಿರಲಿಲ್ಲ. ನಡುನೀರಿನಲ್ಲಿ ಹೊಳೆಯಿತು.

"ನಮಸ್ಕಾರ, ಸ್ವಾಗತ ಕಚೇರಿ. ಏನಾಗಬೇಕಿತ್ತು ಸಾರ್?" ಎಂದಿತು ಒಂದು ಹುಡುಗಿಯ ದನಿ. ಆಹಾ! ಮನುಷ್ಯರ ದನಿ!

"ನಲ್ಲಿ ತೊಟ್ಟಿಕ್ಕುತ್ತಾ ಇದೆ ಕಣಮ್ಮ" ಎಂದೆ.

"ಅಯ್ಯೋ, ನಿದ್ದೆ ಕೆಡ್ತಾ ಸಾರ್?"

ನಿದ್ದೆ ಕೆಟ್ಟಿತಾ ಎಂದು ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ಫೋನ್ ಇಟ್ಟವನೇ ಓಡಿಹೋಗಿ ನಲ್ಲಿಯನ್ನು ಸ್ವಲ್ಪ ಸಡಿಲಿಸಿದೆ, ಇಲ್ಲದಿದ್ದರೆ ಮಾನ ಹೋಗುತ್ತಿತ್ತು. ರಿಪೇರಿಯವನು ಬಂದ. ಅವನನ್ನು ಕೂರಿಸಿ "ಮಕ್ಕಳೆಷ್ಟು?" ಎಂದು ಶುರುಮಾಡುವಷ್ಟರಲ್ಲಿ ನಲ್ಲಿ ತಿರುಗಿಸಿ, ಸೆಲ್ಯೂಟ್ ಹೊಡೆದು ಹೊರಟುಹೋದ. ಇಂಥ ಚುರುಕಿನವರು ನಮ್ಮ ಕಚೇರಿಯಲ್ಲಿದ್ದಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ!

ಒಂದೇ ಕರೆಯಲ್ಲಿ ಎರಡು ದೂರು ಕೊಡಬಾರದು, ಇದು ನನ್ನ ವೃತ್ತಿಯ ಅನುಭವ. ದೂರಿಗೊಂದು ಕರೆ, ಕರೆಗೊಂದು ದನಿ. ಪರದೆ ಕಿರುಗುಟ್ಟುತ್ತದೆ ಎಂದೆ, ಎಣ್ಣೆ ಬಂತು. ದಿಂಬು ಗಟ್ಟಿ ಎಂದೆ, ಮೆತ್ತನೆಯದು ಬಂತು. ದಿಂಬು ಮೆತ್ತಗೆ ಎಂದೆ, ಗಟ್ಟಿಯದು ವಾಪಸ್ ಬಂತು! ಅದರ ನಡುವೆ ಒಂದು ನಿಜವಾದ ದೂರೂ ಸಿಕ್ಕಿತು: ನನ್ನ ನೀಲಿ ಅಂಗಿ ಇದ್ದಕ್ಕಿದ್ದಂತೆ ಬೆಳ್ಳಗಾಗತೊಡಗಿತ್ತು. "ನಿಮ್ಮ ಬೀರುವಿನಲ್ಲಿ ಏನೋ ದೋಷ ಇದೆ ಕಣಮ್ಮ" ಎಂದೆ. ಬೀರುವಿನ ಬಾಗಿಲನ್ನೇ ಬದಲಾಯಿಸಿ ಹೋದರು.

ಮೂರನೆಯ ದಿನದ ಹೊತ್ತಿಗೆ ಕೋಣೆಯಲ್ಲಿ ಕೆಡುವಂಥದ್ದು ಏನೂ ಉಳಿದಿರಲಿಲ್ಲ. ಎಲ್ಲವೂ ಥಳಥಳ. ಹೆಂಡತಿ ಚೀಲ ಹಿಡಿದು "ಹೀಗೇ" ಹೋಗಿದ್ದಳು. ಕೈ ತಾನಾಗಿ ಫೋನ್ ಎತ್ತಿತು, ಬಾಯಿ ತಾನಾಗಿ ಹೇಳಿತು: "ಗೊರಕೆ ಕಣಮ್ಮ. ಪಕ್ಕದ ಕೋಣೆಯಿಂದ ಗೊರಕೆ ಸದ್ದು!"

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಈ ಸಲ ಸ್ವತಃ ಮ್ಯಾನೇಜರ್ ಬಂದರು. ಗೋಡೆಗೆ ಕಿವಿ ಕೊಟ್ಟರು, ಹುಬ್ಬು ಗಂಟಿಕ್ಕಿದರು.

"ಸಾರ್, ನಿಮ್ಮ ಎಡಗಡೆ ಕೋಣೆ ಖಾಲಿ ಇದೆ. ಬಲಗಡೆ ಹಗ್ಗ ಇಡೋ ಜಾಗ. ಹಗ್ಗ ಗೊರಕೆ ಹೊಡೆಯಲ್ಲ."

ನಾನು ಬಗ್ಗಿ ದಿಂಬು ಸರಿಮಾಡಿದೆ. ಬಾಯಿ ಬಿಟ್ಟರೆ ಬಣ್ಣಗೇಡು. ಅವರು ಮಂಚದ ಎರಡು ದಿಂಬುಗಳನ್ನು ನೋಡಿದರು, ನನ್ನನ್ನು ನೋಡಿದರು. ಮುಖದಲ್ಲಿ ದೀಪ ಹತ್ತಿತು.

"ಅರ್ಥ ಆಯ್ತು ಸಾರ್! ಎಷ್ಟು ನಾಜೂಕಾಗಿ ಹೇಳಿದ್ರಿ! ಬೇರೆಯವರಾಗಿದ್ರೆ ನೇರವಾಗಿ ಹೇಳಿ ಜಗಳ ಮಾಡ್ಕೊಳ್ತಿದ್ರು. ನಾವು ನೋಡ್ಕೋತೀವಿ ಬಿಡಿ."

ಹೊಗಳಿದರಲ್ಲ ಎಂಬ ಖುಷಿಯಲ್ಲಿ ಗಂಭೀರವಾಗಿ ತಲೆಯಾಡಿಸಿದೆ. ಏನನ್ನು ನೋಡಿಕೊಳ್ಳುತ್ತಾರೆ ಎಂದು ಕೇಳುವ ಬುದ್ಧಿ ಬರಲಿಲ್ಲ. ಸಂಜೆ ಕೋಣೆಗೆ ಬಂದರೆ ಹೆಂಡತಿ ಪೆಟ್ಟಿಗೆ ತುಂಬುತ್ತಿದ್ದಳು!

"ಎಲ್ಲಿಗೆ?"

"ಹಿಂದುಗಡೆ ಒಂದು ಚಿಕ್ಕ ಕೋಣೆ ಖಾಲಿ ಇದೆಯಂತೆ. ಕೊಟ್ಟಿದ್ದಾರೆ. ನಾನು ಗೊರಕೆ ಹೊಡೀತೀನಂತಲ್ಲ?"

"ಯಾರು ಹೇಳಿದ್ದು?"

"ನೀವೇ ದೂರು ಕೊಟ್ರಂತೆ!"

"ಅಯ್ಯೋ, ನಿನ್ನ ಮೇಲಲ್ವೇ, ಗೋಡೆ ಮೇಲೆ!"

"ಗೋಡೆ ಮೇಲೆ ಯಾರಾದ್ರೂ ದೂರು ಕೊಡ್ತಾರಾ?"

"ನೀನು ಗೊರಕೆ ಹೊಡೆಯಲ್ಲ. ಸುಮ್ಮನೆ ಹೇಳಿದ್ದು."

"ಸುಮ್ಮನೆ ಯಾಕೆ ಹೇಳಿದ್ರಿ?"

ನೀನಿಲ್ಲದೆ ಬೇಸರವಾಗಿ ಹೇಳಿದೆ ಎನ್ನಬೇಕಿತ್ತು. ಸಾವಿರಾರು ಜನರ ಸಿಟ್ಟನ್ನು ಮಾತಿನಲ್ಲೇ ಇಳಿಸಿದ ಈ ನಾಲಿಗೆ ಆ ಒಂದು ವಾಕ್ಯಕ್ಕೆ ಹೊರಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅವಳು ಬೈಯಲೂ ಇಲ್ಲ. "ಪರವಾಗಿಲ್ಲ ಬಿಡಿ. ಹೊಸದಾಗಿ ರಾತ್ರಿ ನಿದ್ದೆ ಅಭ್ಯಾಸ ಮಾಡ್ಕೊಳ್ತಿದ್ದೀರಿ, ನನ್ನಿಂದ ಕೆಡೋದು ಬೇಡ" ಎಂದು ಪೆಟ್ಟಿಗೆ ಎತ್ತಿಕೊಂಡು ಹೋದಳು. ಒಟ್ಟಿಗಿರುವುದನ್ನು ಕಲಿಯಲೆಂದು ಹಡಗು ಹತ್ತಿದ್ದ ನಾವು, ಹಡಗಿನ ಎರಡು ತುದಿ ಸೇರಿದೆವು!

ಅವಳ ಪೆಟ್ಟಿಗೆ ಇದ್ದ ಜಾಗ ಬರಿದಾಗಿತ್ತು. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ಫೋನ್ ಎತ್ತಿದೆ.

"ಏನು ತೊಂದರೆ ಸಾರ್?"

"ನನ್ನ ಹೆಂಡತಿ ಇಲ್ಲ ಕಣಮ್ಮ."

"ಗೊತ್ತು ಸಾರ್" ಎಂದಳು ಹುಡುಗಿ ಹೆಮ್ಮೆಯಿಂದ. "ನಿಮ್ಮ ದೂರು ಪರಿಹಾರ ಆಗಿದೆ."

ಬೆಳಗಾಗುತ್ತಲೇ ಮರ್ಯಾದೆಯನ್ನೆಲ್ಲ ಗಂಟುಕಟ್ಟಿ ಮೂಲೆಗಿಟ್ಟು ಹೆಂಡತಿಯನ್ನು ಹುಡುಕಲು ಹೊರಟೆ. ಹೊಸ ಕೋಣೆಗೆ ಬೀಗ. ಇಸ್ಪೀಟಿನ ಮೇಜಿನ ಹೆಂಗಸರನ್ನು ಕೇಳಿದೆ. ಅಂಥವರೊಬ್ಬರು ಹಡಗಿನಲ್ಲಿ ಇರುವುದೇ ಅವರಿಗೆ ಗೊತ್ತಿಲ್ಲ! ಈಜುಕೊಳ, ಪುಸ್ತಕದ ಕೋಣೆ, ಹಾಡು ಹೇಳುವ ಹಾಲ್, ಎಲ್ಲಿಯೂ ಅವಳನ್ನು ಯಾರೂ ಒಮ್ಮೆಯೂ ಕಂಡಿಲ್ಲ. ಹಾಗಾದರೆ ಇಷ್ಟು ದಿನ ಅವಳು ಎಲ್ಲಿಗೆ ಹೋಗುತ್ತಿದ್ದಳು?

ಕೆಳಗಿನ ಮಹಡಿಯಲ್ಲಿ, ಪ್ರಯಾಣಿಕರು ಬಟ್ಟೆ ಒಗೆದುಕೊಳ್ಳುವ ಕೋಣೆಯಲ್ಲಿ ಸಿಕ್ಕಳು. ಒಬ್ಬಳೇ. ಸ್ಟೂಲಿನ ಮೇಲೆ ಕೂತು, ಯಂತ್ರದ ಗಾಜಿನ ಬಾಗಿಲೊಳಗೆ ತಿರುಗುವ ಬಟ್ಟೆಯನ್ನು ನೋಡುತ್ತಿದ್ದಳು. ಸೋಪಿನ ಘಮ, ಬಿಸಿಗಾಳಿ. ತಿರುಗುತ್ತಿದ್ದದ್ದು ನನ್ನ ನೀಲಿ ಅಂಗಿ.

"ದಿನಾ ಇಲ್ಲೇ ಇರ್ತಿದ್ದೆಯಾ?"

ಅವಳು ತಲೆಯೆತ್ತಲಿಲ್ಲ. "ಮತ್ತೆಲ್ಲಿಗೆ ಹೋಗ್ಲಿ? ನಂಗೆ ಯಾರ ಪರಿಚಯ ಇದೆ? ನಿಮ್ಮ ಪಕ್ಕ ಕೂತ್ರೆ ಏನ್ ಮಾತಾಡ್ಬೇಕು ಅಂತ ತೋಚಲ್ಲ. ಭಯ ಆಗತ್ತೆ. ಇಲ್ಲಾದ್ರೆ ಸದ್ದಾದ್ರೂ ಇರತ್ತೆ. ಆ ಅಂಗೀನ ಎಷ್ಟು ಸಲ ಒಗೆದೆನೋ ನಂಗೇ ಗೊತ್ತಿಲ್ಲ."

"ಅದಕ್ಕೆ ನಾನು ಬೀರು ಬಾಗಿಲು ಬದಲಾಯಿಸಿಬಿಟ್ಟೆನಲ್ಲೇ!" ಎಂದೆ.

ಅಲ್ಲಿಂದ ಕಟ್ಟೆ ಒಡೆಯಿತು. ನಲ್ಲಿ, ಪರದೆ, ದಿಂಬು, ಎಲ್ಲವನ್ನೂ ಒಪ್ಪಿಕೊಂಡೆ. "ನೀನಿರ್ಲಿಲ್ಲ, ಮಾತಿಗೆ ಯಾರಾದ್ರೂ ಬೇಕಿತ್ತು. ಗೊರಕೇನೂ ಅಷ್ಟೇ. ನಾನು ಹುಟ್ಟಿಸಿಕೊಂಡು ಹೇಳಿದ ಸುಳ್ಳು. ವಾಪಸ್ ಬಾರೇ" ಎಂದೆ. ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಗಿತ್ತು.

"ಬರದೆ ಏನ್ ಮಾಡ್ಲಿ? ರಾತ್ರಿಯೆಲ್ಲ ಒಂದು ಚೂರೂ ನಿದ್ದೆ ಇಲ್ಲ."

"ನನ್ನ ಮೇಲೆ ಸಿಟ್ಟು ಬಂದಿತ್ತಾ?"

"ಇಲ್ಲ ರೀ. ಆ ಕೋಣೆಯಲ್ಲಿ ಇಂಜಿನ್ ಸದ್ದೇ ಇಲ್ಲ! ನಿಂತೇ ಹೋಯ್ತೇನೋ, ಹಡಗು ಮುಳುಗುತ್ತೇನೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಬೆಳಿಗ್ಗೆ ಆ ಮ್ಯಾನೇಜರ್‌ನ ಕೇಳಿದೆ. 'ಈ ಹಡಗಲ್ಲಿ ಇಂಜಿನ್ ಸದ್ದು ಯಾವ ಕೋಣೆಗೂ ಕೇಳಲ್ಲಮ್ಮ' ಅಂದ್ರು."

"ನಿಜ. ನಮ್ಮ ಕೋಣೆಯಲ್ಲೂ ನಾನು ಒಂದು ದಿನಾನೂ ಕೇಳಿಲ್ಲ."

"ನಿಮಗೆ ಹೇಗೆ ಕೇಳತ್ತೆ?" ಎಂದಳು ನನ್ನ ಹೆಂಡತಿ. "ನೀವು ನಿದ್ದೆ ಹೋದ್ಮೇಲೇ ಅಲ್ವಾ ಅದು ಶುರುವಾಗೋದು!"

ನಾನು ಮೂಗು ಮುಟ್ಟಿ ನೋಡಿಕೊಂಡೆ.

"ಮದುವೆಯಾದಾಗಿನಿಂದ ನೀವು ರಾತ್ರಿ ಮಲಗಿದ್ದನ್ನ ನಾನು ನೋಡಿದ್ದೇ ಈ ಹಡಗಲ್ಲಿ. ನಂಗೇನು ಗೊತ್ತು?" ಎಂದು ಅವಳು ಯಂತ್ರ ನಿಲ್ಲಿಸಿ, ಒದ್ದೆ ಅಂಗಿಯನ್ನು ನನ್ನ ಕೈಗೆ ಹಾಕಿ, ತೋಳು ಹಿಡಿದು ಎಳೆದಳು. "ಮಾತು ಆಮೇಲೆ ಆಡೋಣ. ಈಗ ನಡೀರಿ, ಬೇಗ ಹೋಗಿ ಇಂಜಿನ್ ಶುರು ಮಾಡಿ. ನಂಗೆ ನಿದ್ದೆ ಬರ್ತಾ ಇದೆ."