ಗಜಾಯದ ಪೆಟ್ಟಿಗೆ

ಮರದ ಪೆಟ್ಟಿಗೆ ಮಾಡಿ ಅದಕ್ಕೊಂದು ತೂತು ಕೊರೆದು ಕೂತವನನ್ನು ಕಂಡರೆ ಜನ ಸುಮ್ಮನೆ ಹಾದುಹೋಗುವುದಿಲ್ಲ. ಒಂದು ಮಾತು ಆಡಿಯೇ ಹೋಗುತ್ತಾರೆ. ನಾನು ಬಿ.ಎಸ್ಸಿ. ಮುಗಿಸಿ, ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇಂಥ ಪೆಟ್ಟಿಗೆ ಮಾಡಲು ಕೂತ ವರ್ಷ ಅಂಥ ಮಾತುಗಳಿಗೆ ಬರವಿರಲಿಲ್ಲ. ನೆನಪಿದ್ದಷ್ಟನ್ನು ಬರೆದಿದ್ದೇನೆ.

ಮೊದಲು ಪೆಟ್ಟಿಗೆಯ ವಿಷಯ. ನಮ್ಮ ಕಡೆ ಮದುವೆಗಾಗಲಿ ಟೆಂಟ್ ಸಿನಿಮಾಕ್ಕಾಗಲಿ ಇರುವುದು ತಗಡಿನ ಹಾರ್ನ್. ಅದರಲ್ಲಿ ನಾಗಸ್ವರ ಕೇಳುತ್ತದೆ, ಡೋಲು ಕೇಳುವುದಿಲ್ಲ. ತಗ್ಗಿನ ಸದ್ದು ಬೇಕಾದರೆ ಅಗಲವಾದ ಸ್ಪೀಕರ್ ಬೇಕು. ಅದಕ್ಕೆ ವೂಫರ್ ಎನ್ನುತ್ತಾರೆ. ಅದನ್ನು ಬರಿದೇ ಇಟ್ಟರೆ ಮುಂದಿನಿಂದ ಹೊರಟ ಸದ್ದನ್ನು ಹಿಂದಿನಿಂದ ಹೊರಟ ಸದ್ದು ಅಳಿಸಿಹಾಕುತ್ತದೆ. ಆದ್ದರಿಂದ ಪೆಟ್ಟಿಗೆ. ಪೆಟ್ಟಿಗೆಗೆ ಲೆಕ್ಕ ಹಾಕಿ ಒಂದು ತೂತು ಕೊರೆದರೆ ಹಿಂದಿನ ಸದ್ದೂ ಮುಂದಿನದರ ಜೊತೆ ಕೂಡಿಕೊಂಡು ಕೆಲಸ ಮಾಡುತ್ತದೆ. ವಿಜ್ಞಾನ ಇಷ್ಟೇ.

ಪ್ರೈಮರಿ ಶಾಲೆಯ ಹೆಡ್‌ಮಾಸ್ಟರಾದ ನಮ್ಮ ತಂದೆಗೆ ಈ ವಿಜ್ಞಾನದ ಮೇಲೆ ನಂಬಿಕೆ ಇರಲಿಲ್ಲ. "ನೋಡೋ, ಶಿವರಾತ್ರಿವರೆಗೆ ಸುಮ್ನಿರ್ತೀನಿ. ಹೊರಗಿನವರು ಯಾರಾದ್ರೂ ಒಂದೇ ಒಂದು ಪೆಟ್ಟಿಗೆ ತಗೊಂಡ್ರೆ ನಿನ್ನ ತಂಟೆಗೆ ಬರಲ್ಲ. ಇಲ್ಲಾಂದ್ರೆ ಬಿ.ಎಡ್. ಅರ್ಜಿಗೆ ಸಹಿ ಹಾಕು" ಎಂದರು. ಅರ್ಜಿಯನ್ನು ತಾವೇ ತುಂಬಿ, ಸಹಿಯ ಜಾಗ ಮಾತ್ರ ಖಾಲಿ ಬಿಟ್ಟು, ದೇವರ ಪಟದ ಹಿಂದೆ ಸಿಕ್ಕಿಸಿದರು. ದಿನಾ ಕೈಮುಗಿಯುವಾಗ ಅದರ ಅಂಚು ಕಾಣುತ್ತಿತ್ತು.

೧. ಮೆತ್ತಗಿರೋದು

ವೂಫರ್ ಆರಿಸಲು ಬೆಂಗಳೂರಿನ ಹಳೇ ರೇಡಿಯೋ ಸಾಮಾನಿನ ಅಂಗಡಿಗೆ ಹೋದೆ. ವೂಫರಿನ ಕಾಗದದ ಕೋನು ಅಂಚಿನಲ್ಲಿ ಮೆತ್ತಗಿದ್ದು ಸಲೀಸಾಗಿ ಹಿಂದೆಮುಂದೆ ಆಡಬೇಕು. ಬೆರಳ ತುದಿಯಲ್ಲಿ ಒತ್ತಿ, ಕಿವಿ ಹತ್ತಿರ ಹಿಡಿದು, ಒಳಗಿನ ಸುರುಳಿ ಉಜ್ಜುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಹನ್ನೊಂದು ಸ್ಪೀಕರ್ ನೋಡುವವರೆಗೆ ಅಂಗಡಿಯವರು ತಾಳ್ಮೆಯಿಂದ ಇದ್ದರು.

"ಏನ್ ಸಾರ್, ಮಾವಿನ್ಹಣ್ಣಾ ಅದು, ಒಂದೊಂದೇ ಹಿಚುಕಿ ನೋಡಕ್ಕೆ?"

"ಇವೆಲ್ಲ ಗಟ್ಟಿ ಇವೆ. ನನಗೆ ಮೆತ್ತಗಿರೋದು ಬೇಕು."

"ಗಟ್ಟಿ ಇರೋದು ಬೇಡ್ವಾ?"

"ಬೇಡ."

ಅವರು ಒಳಗೆ ಕೂತಿದ್ದ ತಮ್ಮನಿಗೆ ಕೂಗಿ ಹೇಳಿದರು: "ಏಯ್, ಆ ಮೂಲೇಲಿ ಹರಿದೋಗಿರೋದು ಇತ್ತಲ್ಲ, ತಗೊಂಬಾ. ಗಿರಾಕಿ ಬಂದಿದಾರೆ!"

೨. ಅವನ್ಯಾರು

ಕೊನೆಗೆ ಹರಿಯದೇ ಇದ್ದ, ಮೆತ್ತಗಿನ, ಹನ್ನೆರಡು ಅಂಗುಲದ ಒಂದು ವೂಫರ್ ಸಿಕ್ಕಿತು. ಹಿಂಬದಿಗೆ ಸಾರಿನ ಬಟ್ಟಲಿನಷ್ಟು ದೊಡ್ಡ ಅಯಸ್ಕಾಂತ. ಹಳೇ ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

ಯಲಹಂಕದಲ್ಲಿ ಒಬ್ಬ ಅಜ್ಜಿ ಹತ್ತಿ ಪಕ್ಕದಲ್ಲಿ ಕೂತರು. ಅವರ ಮಂಕರಿಯಲ್ಲಿ ಸಾಣೆ ಹಿಡಿಸಿದ ಕುಡುಗೋಲು ಇತ್ತು. ರಾಜಾನುಕುಂಟೆಯ ತಿರುವಿನಲ್ಲಿ ಬಸ್ಸು ವಾಲಿದಾಗ ಮಂಕರಿ ನನ್ನ ಕಡೆ ಜರುಗಿತು. ಕುಡುಗೋಲು ಎದ್ದು ಬಂದು ನನ್ನ ಪೊಟ್ಟಣಕ್ಕೆ ಟಪ್ಪನೆ ಅಂಟಿಕೊಂಡಿತು.

"ಏನ್ಲಾ ಮಗ, ನನ್ ಕುಡ್ಲು ಯಾಕ್ ಕಿತ್ಕೊಂಡೆ?"

"ನಾನು ಮುಟ್ಟಿಲ್ಲ ಅಜ್ಜಿ. ಅಯಸ್ಕಾಂತ ಎಳ್ಕೊಳ್ತು."

"ಅವನ್ಯಾವನ್ಲಾ ಅಯಸ್ಕಾಂತ? ಎಲ್ಲವ್ನೆ? ಕರಿ ಅವನ್ನ!"

ಬಸ್ಸೆಲ್ಲ ಹಿಂದಿರುಗಿ ನೋಡಿತು. ಹಿಂದಿನ ಸೀಟಿನಿಂದ ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿ ಕೇಳಿದರು: "ಯಾರ್ರೀ ಅದು ಅಯಸ್ಕಾಂತ? ಟಿಕೆಟ್ ತಗೊಂಡಿದಾನಾ?"

೩. ಕಾಗೆ, ಹೊಗೆ, ನಾಯಿ, ಆನೆ

ಪೆಟ್ಟಿಗೆಯನ್ನು ನಮ್ಮ ಬೀದಿಯ ಆಚಾರ್ರಿಗೆ ಒಪ್ಪಿಸಿದೆ. ಅವರು ಬಾಗಿಲು ಚೌಕಟ್ಟು, ಮಗ್ಗದ ಮರದ ಭಾಗಗಳು ಮಾಡುವವರು. ಕೈ ಬಹಳ ಶುದ್ಧ. ಆ ವೂಫರಿಗೆ ಬೇಕಾದ ಗಾಳಿಯ ಲೆಕ್ಕ ಮೂರು ಸಲ ಮಾಡಿ ಒಳಗಿನ ಅಳತೆ ಬರೆದುಕೊಟ್ಟಿದ್ದೆ: ಎತ್ತರ ಇಪ್ಪತ್ತೆಂಟು ಅಂಗುಲ, ಅಗಲ ಹದಿನೆಂಟು, ಆಳ ಹನ್ನೆರಡು. ನಾಲ್ಕು ದಿನ ಬಿಟ್ಟು ಹೋದರೆ ಹಲಗೆ ಹಾಗೆಯೇ ಗೋಡೆಗೆ ಒರಗಿತ್ತು.

"ಯಾಕೆ ಆಚಾರ್ರೇ, ಇನ್ನೂ ಕೊಯ್ದಿಲ್ವಾ?"

"ನಿಮ್ಮ ಅಳತೇಲಿ ಆಯ ಕೂಡಿಬರ್ತಿಲ್ಲ ಸ್ವಾಮಿ."

ಆಯವೆಂದರೆ ಮನೆ, ಬಾವಿ, ಮಂಚ ಇವುಗಳ ಅಳತೆ ಶುಭವೋ ಅಶುಭವೋ ಎಂದು ನೋಡುವ ಲೆಕ್ಕ. ಆಚಾರ್ರ ಪದ್ಧತಿಯಲ್ಲಿ ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಬೇಕು. ಉಳಿಯುವ ಅಂಕಿಗೆ ಒಂದೊಂದು ಹೆಸರಿದೆ: ಬಾವುಟ, ಹೊಗೆ, ಸಿಂಹ, ನಾಯಿ, ಬಸವ, ಕತ್ತೆ, ಆನೆ, ಏನೂ ಉಳಿಯದಿದ್ದರೆ ಕಾಗೆ.

"ಪೆಟ್ಟಿಗೆಗೆ ಯಾಕೆ ಆಯ? ಇದರೊಳಗೆ ಯಾರೂ ವಾಸ ಮಾಡಲ್ಲ" ಎಂದೆ.

"ಸದ್ದು ವಾಸ ಮಾಡಲ್ವಾ? ಇಪ್ಪತ್ತೆಂಟು ಹದಿನೆಂಟಲಿ ಐನೂರ ನಾಲ್ಕು. ಎಂಟರಲ್ಲಿ ಪೂರ್ತಿ ಹೋಯ್ತು. ಕಾಗೆ. ನೀವು ಯಾವ ಹಾಡಿನ ಪ್ಲೇಟು ಹಾಕಿದ್ರೂ ಅದು ಕಾ ಕಾ ಅಂತದೆ."

ವಾದ ಬೆಳೆಸಿದರೆ ಶಿವರಾತ್ರಿ ಹತ್ತಿರ ಬರುತ್ತದೆ. "ಹಾಗಾದರೆ ಎತ್ತರ ಒಂದಂಗುಲ ಜಾಸ್ತಿ ಮಾಡಿ" ಎಂದೆ.

ಅವರು ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುಣಿಸಿದರು. "ಎರಡು ಉಳೀತು. ಹೊಗೆ. ಕರೆಂಟಿನ ಸಾಮಾನು ಬೇರೆ. ಆಮೇಲೆ ನನ್ನನ್ನ ಕೇಳ್ಬೇಡಿ."

"ಎತ್ತರ ಬಿಡಿ. ಅಗಲ ಒಂದಂಗುಲ ಜಾಸ್ತಿ ಮಾಡಿ."

"ನಾಲ್ಕು ಉಳೀತು. ನಾಯಿ. ಬೊಗಳ್ತದೆ." ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ ಕಣ್ಣು ಮುಚ್ಚಿದರು. ತುಟಿ ಆಡುತ್ತಿತ್ತು. ಆಮೇಲೆ ಕಣ್ಣು ತೆರೆದು, "ಎರಡೂ ಕಡೆ ಒಂದೊಂದಂಗುಲ! ಇಪ್ಪತ್ತೊಂಬತ್ತು ಹತ್ತೊಂಬತ್ತಲಿ ಐನೂರೈವತ್ತೊಂದು. ಏಳು ಉಳೀತು. ಗಜಾಯ ಸ್ವಾಮಿ, ಆನೆ! ನಿಮಗೆ ದಪ್ಪ ಸದ್ದು ತಾನೆ ಬೇಕಾಗಿರೋದು?"

ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರ ಇರಲಿಲ್ಲ. ಒಪ್ಪಿದೆ.

ಪೆಟ್ಟಿಗೆ ತರಲು ಹೋದಾಗ ತೂತು ನಾನು ಹೇಳಿದ ಅಳತೆಗೇ ಇತ್ತು. ಜೊತೆಗೆ ಆ ತೂತಿಗೆ ಹಲಸಿನ ಮರದ ಒಂದು ಮುಚ್ಚಳ, ಅದಕ್ಕೊಂದು ಹಿಡಿ.

"ಇದೇನಿದು?"

"ತೂತಿಗೆ ಮುಚ್ಚಳ. ಇಲಿ ಹೋಗ್ತವೆ."

"ತೂತು ತೆರೆದೇ ಇರಬೇಕು ಆಚಾರ್ರೇ."

"ತೂತು ಅಂದ್ಮೇಲೆ ಮುಚ್ಚಳ ಬೇಕಾಗೇ ಆಗ್ತದೆ. ಇವತ್ತಲ್ಲ ನಾಳೆ ಬರ್ತೀರಿ" ಎಂದು ಅದನ್ನು ತಮ್ಮ ಅಂಗಡಿಯ ಮೊಳೆಗೆ ನೇತುಹಾಕಿದರು.

ಮನೆಗೆ ಬಂದು ಲೆಕ್ಕ ಮತ್ತೆ ನೋಡಿದೆ. ವೂಫರಿನ ಬೆನ್ನು, ಒಳಗಿನ ಅಡ್ಡಪಟ್ಟಿಗಳು ನುಂಗುವ ಜಾಗವನ್ನು ನಾನು ಮೂರು ಸಲವೂ ಮರೆತಿದ್ದೆ. ಆನೆ ಕೊಟ್ಟ ಒಂದೊಂದಂಗುಲದಿಂದ ಅದು ಸರಿಹೋಗಿತ್ತು. ಆಚಾರ್ರಿಗೆ ಇದನ್ನು ಹೇಳಿಲ್ಲ. ಹೇಳಿದರೆ ನನ್ನ ಬಿ.ಎಸ್ಸಿ.ಗೂ ಆಯ ನೋಡುತ್ತಾರೆ.

೪. ಮಗ್ಗ ಎಲ್ಲಿ

ಪೆಟ್ಟಿಗೆಯನ್ನು ಪರೀಕ್ಷಿಸಲು ಒಂದೇ ತಗ್ಗಿನ ಸ್ವರವನ್ನು ಬಹಳ ಹೊತ್ತು ಕೊಟ್ಟು ನೋಡಬೇಕು. ಮಧ್ಯಾಹ್ನವೆಲ್ಲ ಗುಂಯ್ ಎನ್ನಿಸಿದೆ. ಅಡಿಗೆಮನೆಯ ತಟ್ಟೆಗಳು ಅಲುಗಿದವು. ಪಕ್ಕದ ಮನೆಯ ಗೋಡೆಯೂ ಅದುರಿತಂತೆ. ನಮ್ಮ ಊರಿನಲ್ಲಿ ಗೋಡೆ ಅದುರಿದರೆ ಅರ್ಥ ಒಂದೇ: ಪಕ್ಕದವರು ಪವರ್‌ಲೂಮ್ ಹಾಕಿದ್ದಾರೆ.

ಮೂರನೇ ದಿನ ಕರೆಂಟಾಫೀಸಿನವರು ಒಬ್ಬರು ಬಂದರು. ತಂದೆ ಮನೆಯಲ್ಲೇ ಇದ್ದರು.

"ಮೇಷ್ಟ್ರೇ, ಮನೆ ಲೈನಿನಲ್ಲಿ ಕದ್ದು ಮಗ್ಗ ಓಡಿಸ್ತಿದೀರಂತೆ. ಮಗ್ಗ ಎಲ್ಲಿ?"

"ಮಗ್ಗ ಇಲ್ಲ. ಸದ್ದು ಮಾತ್ರ" ಎಂದು ನಾನು ಹೇಳಿದೆ.

ಅವರು ನಂಬಲಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದರು. ಸೌದೆ ಕೊಟ್ಟಿಗೆ ನೋಡಿದರು. ನಾನು ಸ್ವಿಚ್ ಒತ್ತಿ ಪೆಟ್ಟಿಗೆಯನ್ನು ಗುಂಯ್ ಎನ್ನಿಸಿ ತೋರಿಸಿದೆ. ಅದರ ಸುತ್ತ ಒಂದು ಸುತ್ತು ಬಂದು ಕೇಳಿದರು:

"ಇದರಿಂದ ಸೀರೆ ಬರಲ್ವಾ?"

"ಇಲ್ಲ."

"ಪಂಚೆ, ಟವಲ್ಲು?"

"ಏನೂ ಬರಲ್ಲ."

"ಮತ್ತೆ ಯಾಕ್ರೀ ಓಡಿಸ್ತೀರಿ?"

ತಂದೆ ಕುರ್ಚಿ ಎಳೆದು ಅವರನ್ನು ಕೂರಿಸಿದರು. "ಕಾಫಿ ಕುಡೀರಿ ಸಾರ್. ಈ ಮನೇಲಿ ನನ್ನ ಪ್ರಶ್ನೆ ಕೇಳಿದವರು ನೀವೊಬ್ಬರೇ."

೫. ಸೊಂಟ

ನಂದಗುಡಿಯ ಒಂದು ಮದುವೆಯಲ್ಲಿ ಪೆಟ್ಟಿಗೆ ಇಟ್ಟು ತೋರಿಸಲು ಅವಕಾಶ ಸಿಕ್ಕಿತು. ಡೋಲು ಡೋಲಿನ ಹಾಗೆಯೇ ಕೇಳಿತು. ಆದರೆ ಹುಡುಗಿಯ ತಾತ ಬೆಳಿಗ್ಗೆ ಪೆಟ್ಟಿಗೆಯ ಮೇಲೆ ಕೂತವರು ಊಟದ ಎಲೆ ಹಾಕಿದರೂ ಏಳಲಿಲ್ಲ. ನಾನು ಹತ್ತಿರ ಹೋದಾಗ ಕೈ ಹಿಡಿದುಕೊಂಡರು.

"ಆರು ತಿಂಗಳಿಂದ ಸೊಂಟ ಹಿಡ್ಕೊಂಡಿತ್ತು ಕಣಪ್ಪಾ. ಇದರ ಮ್ಯಾಲೆ ಕೂತ ಮ್ಯಾಲೆ ಒಳಗಿಂದ್ಲೇ ಗುಡುಗುಡು ಅಂತ ಇಳೀತಾ ಐತೆ. ಇದನ್ನ ನಂಗೇ ಕೊಟ್ಬಿಡು."

ನನ್ನ ಎದೆಯೂ ಗುಡುಗುಡು ಅಂತು. ಹೊರಗಿನವರು, ಒಂದು ಪೆಟ್ಟಿಗೆ, ಶಿವರಾತ್ರಿಗೆ ಇನ್ನೂ ಹತ್ತು ದಿನ. "ಧಾರಾಳವಾಗಿ ತಗೊಳ್ಳಿ ತಾತ" ಎಂದೆ.

"ಒಂದೇ ಒಂದು ಮಾತು" ಎಂದರು. "ಈ ಗಲಾಟೆ ಕೇಳಕ್ಕಾಗಲ್ಲ. ಸದ್ದು ತೆಗ್ದು, ಬರೀ ಅದುರೋದು ಮಾತ್ರ ಮಾಡ್ಕೊಡು."

೬. ಮಳೆ

ಶಿವರಾತ್ರಿಗೆ ನಾಲ್ಕು ದಿನ ಉಳಿದಿತ್ತು. ನಲ್ಲೂರಿನ ಹುಣಸೇತೋಪು ದಾಟಿದ ಮೇಲೆ ಒಂದು ಟೆಂಟ್ ಸಿನಿಮಾ ಇತ್ತು. ಅದರ ಯಜಮಾನರಿಗೆ ಸಿನಿಮಾದ ಜೊತೆಗೆ ಬೇಸಾಯವೂ ಇತ್ತು. ನನ್ನ ಮಾತನ್ನೆಲ್ಲ ಕೇಳಿ ಹೇಳಿದರು:

"ನಂಗೆ ವಿಜ್ಞಾನ ಬ್ಯಾಡ ಮೇಷ್ಟ್ರ ಮಗ. ಸಾಯಂಕಾಲ ಮೊದಲ್ನೇ ಆಟಕ್ಕೆ ಹಾಕು. ಜನ ಕೂತ್ರೆ ನಾನ್ ತಗೊಂಡೆ. ಎದ್ಹೋದ್ರೆ ನಿನ್ ಪೆಟ್ಟಿಗೆ ನೀನೇ ಹೊತ್ಕೊಂಡೋಗು."

ಪರದೆಯ ಪಕ್ಕದಲ್ಲಿ ಪೆಟ್ಟಿಗೆ ಇಟ್ಟೆ. ಟೆಂಟು ತುಂಬಿತು. ಮೊದಲ ಹಾಡಿಗೆ ಜನ ತಲೆ ಆಡಿಸಿದರು. ನಾನು ಪುಸ್ತಕದಲ್ಲಿ 'ತೃಪ್ತಿಕರ' ಎಂದು ಬರೆದುಕೊಂಡೆ.

ಆ ವರ್ಷ ರಾಗಿ ಕೊಯ್ಲು ತಡವಾಗಿತ್ತು. ಸುತ್ತಲ ಹಳ್ಳಿಗಳ ರಾಗಿಯೆಲ್ಲ ಕಣದಲ್ಲಿ ಹರಡಿಕೊಂಡು ಬಿದ್ದಿತ್ತು. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕಥೆಯಲ್ಲಿ ನಾಯಕಿ ಮನೆ ಬಿಟ್ಟು ಹೊರಟಳು. ಮೋಡ ಕವಿಯಿತು. ತಗಡಿನ ಹಾರ್ನಿನಲ್ಲಿ ಗುಡುಗೆಂದರೆ ಡಬ್ಬ ಬಡಿದ ಹಾಗೆ. ಅದಕ್ಕೆ ಯಾರೂ ಹೆದರುತ್ತಿರಲಿಲ್ಲ. ನನ್ನ ಪೆಟ್ಟಿಗೆಯಿಂದ ಗುಡುಗು ಎಲ್ಲಿಂದಲೋ ಹೊರಟು, ನೆಲದ ಮೇಲೆ ಉರುಳಿಕೊಂಡು ಬಂದು, ಕೂತವರ ಕಾಲಿನ ಕೆಳಗೆ ಹಾದುಹೋಯಿತು.

ಆಮೇಲೆ ಹೆಂಗಸರ ಕಡೆಯಿಂದ ಒಂದು ದನಿ: "ಅಯ್ಯಯ್ಯೋ, ರಾಗಿ!"

ಎರಡನೇ ಗುಡುಗಿಗೆ ಟೆಂಟಿನಲ್ಲಿ ಯಾರೂ ಇರಲಿಲ್ಲ. ಮಷೀನು ನಡೆಸುವವರು ಕಿಂಡಿಯಿಂದ ತಲೆ ಹೊರಹಾಕಿ, "ಯಾಕ್ ಗುರು, ರೀಲು ಉಲ್ಟಾ ಹಾಕಿದೀನಾ?" ಎಂದು ನನ್ನನ್ನೇ ಕೇಳಿದರು. ಯಜಮಾನರಿಗೆ ಏನು ಹೇಳುವುದೆಂದು ಹುಡುಕಿಕೊಂಡು ಬಾಗಿಲಿಗೆ ಹೋದೆ. ಟಿಕೆಟ್ ಹರಿಯುವವರು ಒಬ್ಬರೇ ನಿಂತಿದ್ದರು.

"ಯಜಮಾನ್ರಾ? ಅವ್ರೇ ಮೊದ್ಲು ಓಡಿದ್ದು. ಕಣಕ್ಕೆ ಹೊದಿಸಕ್ಕೆ ಟೆಂಟಿನ ಪಕ್ಕದ ಬಟ್ಟೇನೂ ಕಿತ್ಕೊಂಡೋದ್ರು."

ಬಟ್ಟೆ ಹೋದ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ಒಂದು ಮೋಡವೂ ಇರಲಿಲ್ಲ. ನಕ್ಷತ್ರಗಳು ಒಂದೊಂದಾಗಿ ಮೂಡುತ್ತಿದ್ದವು.

ಅರ್ಧ ಗಂಟೆ ಬಿಟ್ಟು ಯಜಮಾನರು ತಲೆಯಲ್ಲಿ ಹುಲ್ಲು ಸಿಕ್ಕಿಸಿಕೊಂಡು ಬಂದರು. ನಾನು ಆಗಲೇ ವೈರು ಬಿಚ್ಚುತ್ತಿದ್ದೆ. "ಜನ ಎದ್ಹೋದ್ರು. ಮಾತಿನ ಪ್ರಕಾರ ಹೊತ್ಕೊಂಡ್ಹೋಗ್ತೀನಿ" ಎಂದೆ. ಕಣ್ಣ ಮುಂದೆ ಪಟದ ಹಿಂದಿನ ಅರ್ಜಿಯ ಅಂಚು ಇತ್ತು.

ಅವರು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ತೂತಿನೊಳಗೆ ಮೊಣಕೈವರೆಗೂ ಕೈ ಹಾಕಿ ನೋಡಿದರು. "ಇದ್ರೊಳಗಿಂದ್ಲೇ ಬಂತಾ?"

"ಹೌದು."

"ಮೂವತ್ತು ವರ್ಷದಿಂದ ಆರಂಬ ಮಾಡ್ತಿದೀನಿ. ನಂಗೇ ಗೊತ್ತಾಗ್ಲಿಲ್ವಲ್ಲಯ್ಯ!" ಮಷೀನಿನವರಿಗೆ ಕೂಗಿ ಆ ಗುಡುಗನ್ನು ಇನ್ನೊಮ್ಮೆ ಹಾಕಿಸಿದರು. ಹಾಕಿದಾಗ ಹೆಗಲ ಮೇಲಿನ ಟವಲ್ಲನ್ನು ತೂತಿಗೆ ತುರುಕಿದರು. ಗುಡುಗು ಅರ್ಧಕ್ಕರ್ಧ ಇಳಿಯಿತು. ಟವಲ್ಲು ತೆಗೆದರು; ಏರಿತು. ನಾಲ್ಕು ಸಲ ಹೀಗೆ ಮಾಡಿದರು. ಪ್ರಯೋಗಶಾಲೆಯಲ್ಲಿ ನಾನೂ ಅಷ್ಟು ಶ್ರದ್ಧೆಯಿಂದ ಏನನ್ನೂ ಮಾಡಿಲ್ಲ.

"ಪೆಟ್ಟಿಗೆ ಇಲ್ಲೇ ಇರ್ಲಿ. ನಾನ್ ತಗೊಂಡೆ" ಎಂದರು. "ಆದ್ರೆ ಕಣದ ಕೆಲ್ಸ ಮುಗಿಯೋಗಂಟ ಈ ತೂತಿಗೊಂದು ಮುಚ್ಚಳ ಮಾಡಿಸ್ಕೊಡು."

ಬೆಳಿಗ್ಗೆ ಆಚಾರ್ರ ಅಂಗಡಿಗೆ ಹೋದೆ. ಅವರು ನನ್ನನ್ನು ಕಂಡವರೇ ಮೊಳೆಯಿಂದ ಮುಚ್ಚಳ ತೆಗೆದು, ಧೂಳು ಊದಿ, ಕೈಗಿಟ್ಟರು. ಅದನ್ನು ಹಿಡಿದುಕೊಂಡು ಮನೆಗೆ ಬಂದಾಗ ತಂದೆ ಶಾಲೆಗೆ ಹೊರಟಿದ್ದರು.

"ಏನಾಯ್ತೋ, ತಗೊಂಡ್ರಾ?"

"ತಗೊಂಡ್ರು."

ಅವರಿಗೆ ನಂಬಿಕೆ ಬರಲಿಲ್ಲ. "ಯಾಕೆ?"

"ಸದ್ದು ಚೆನ್ನಾಗಿ ಬರುತ್ತೆ ಅಂತ."

"ಕೈಯಲ್ಲಿ ಏನದು?"

"ಮುಚ್ಚಳ. ಸದ್ದು ಬರದ ಹಾಗೆ ಮುಚ್ಚೋಕೆ."

"ಅದ್ಯಾಕೆ?"

"ಸದ್ದು ಚೆನ್ನಾಗಿ ಬರುತ್ತೆ ಅಂತ."

ತಂದೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಪಟದ ಹಿಂದಿನ ಅರ್ಜಿಯನ್ನು ಎಳೆದು, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

"ಬಿ.ಎಡ್. ಬೇಡ ಬಿಡು" ಎಂದರು. "ನಿನ್ನ ಕೈಗೆ ಮಕ್ಕಳನ್ನ ಕೊಡೋದು ಕ್ಷೇಮ ಅಲ್ಲ."